ನಾಲ್ಕು ತೊಟ್ಟಿಗಳು

ಸೀಸೆಯೊಳಗಿನ ನೀರು ಅಷ್ಟು ತಿಳಿಯಾಗಿರಬಾರದಿತ್ತು ಎಂದು ಅವನಿಗೆ ಅನ್ನಿಸಿದ್ದು ನಗರಸಭೆಯ ಮೀಟಿಂಗ್ ಹಾಲಿನ ಉದ್ದ ಮೇಜಿನ ಮುಂದೆ ಕೂತ ಮೇಲೆಯೇ. ಬೆಳಿಗ್ಗೆ ಶುದ್ಧೀಕರಣ ಘಟಕದಲ್ಲಿ ತಾನೇ ಕೈಯಾರೆ ತುಂಬಿ, ಮುಚ್ಚಳ ಬಿಗಿದು, ತಾರೀಖಿನ ಚೀಟಿ ಅಂಟಿಸಿದ ಸೀಸೆ. ಆಗ ಖುಷಿಯೇ ಆಗಿತ್ತು. ಈಗ ಕಿಟಕಿಯ ಬಿಸಿಲು ಅದರೊಳಗಿಂದ ಹಾದು ಮೇಜಿನ ಮೇಲೆ ಬೆಳಕಿನ ಒಂದು ಚೂರಾಗಿ ಬಿದ್ದಿತ್ತು. ತಾನು ಮೇಲ್ವಿಚಾರಕನಾದಾಗಿನಿಂದ ಈ ಊರಿನ ನಲ್ಲಿಯಲ್ಲಿ ಇಂಥ ನೀರು ಒಂದು ದಿನವೂ ಬಂದಿಲ್ಲ, ಇದನ್ನು ಯಾರಾದರೂ ಈಗ ಹೇಳಿಯೇಬಿಡುತ್ತಾರೆ ಎಂದು ಅವನು ಕಾದ. ಯಾರೂ ಹೇಳಲಿಲ್ಲ. ಎಡಗಡೆ ಕಮಿಷನರ್ ಕಾಗದ ತಿರುವುತ್ತಿದ್ದರು. ವಯಸ್ಸಿನಲ್ಲಿ ಅವನಿಗಿಂತ ತುಂಬ ಚಿಕ್ಕವರು, ಮಾತಿನಲ್ಲಿ ಮೆತ್ತಗೆ, ಯಾರನ್ನೂ ನೋಯಿಸದೆ ಎಲ್ಲರಿಂದಲೂ ಕೆಲಸ ತೆಗೆಯುವ ಮನುಷ್ಯ. ಬಲಗಡೆ ಅಧ್ಯಕ್ಷರು ಬಿಸ್ಕತ್ತನ್ನು ಚಹದಲ್ಲಿ ಅದ್ದಿ, ಅದು ಮುರಿದು ಬೀಳುವ ಮೊದಲೇ ಬಾಯಿಗೆ ಹಾಕಿಕೊಳ್ಳುವುದರಲ್ಲಿ ಮಗ್ನರಾಗಿದ್ದರು. ಊರಿನ ಕುಡಿಯುವ ನೀರಿನ ವ್ಯವಸ್ಥೆಯನ್ನು ಸರಿಪಡಿಸಲು ಎಂಜಿನಿಯರುಗಳನ್ನು ಆರಿಸಬೇಕಾದ ಸಮಿತಿ ಎಂದರೆ ಇವರು ಮೂವರೇ. ಬಂದಿದ್ದವರು ಎರಡು ತಂಡ. ಬೆಳಿಗ್ಗೆ ಎರಡೂ ತಂಡದವರು ಘಟಕ ನೋಡಿಕೊಂಡು ಬಂದಾಗಿತ್ತು. ಈಗ ಮಾತು, ಆಮೇಲೆ ತೀರ್ಮಾನ.

"ಏನ್ರೀ ನೀರಿನ ಸಾಹೇಬ್ರೆ," ಎಂದು ಅಧ್ಯಕ್ಷರು ಸೀಸೆಯನ್ನು ಬೆಳಕಿಗೆ ಹಿಡಿದರು. "ಇದು ನಮ್ಮೂರ ನೀರೇನಾ, ಇಲ್ಲಾ ಅಂಗಡೀಲಿ ತಂದ್ರಾ?"

ಅವನು ನಕ್ಕ. ಬೇಕಾದ್ದಕ್ಕಿಂತ ಒಂದು ಗುಕ್ಕು ಹೆಚ್ಚೇ ನಕ್ಕ. ಅಂಗಡಿಯ ಮಾತು ಅಧ್ಯಕ್ಷರು ಬೇಕೆಂದು ಆಡಿದ್ದಲ್ಲ ಎಂದು ಗೊತ್ತಿದ್ದರೂ ಕಿವಿ ಬಿಸಿಯಾಯಿತು. ಅವನ ಮನೆಗೆ ವಾರಕ್ಕೆರಡು ಸಲ ಅಂಗಡಿಯ ನೀರಿನ ಕ್ಯಾನು ಬರುತ್ತದೆ. ಹೆಂಡತಿ ಅದನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ತರಿಸಿ, ಮೇಲೊಂದು ಹಳೆಯ ಟವೆಲ್ ಹೊದಿಸಿ, ಕಪಾಟಿನ ಪಕ್ಕ ಇಡುತ್ತಾಳೆ. ಯಾರಾದರೂ ಬಂದರೆ ಅದು ಮೂಲೆಯಲ್ಲಿ ತಲೆ ಬಗ್ಗಿಸಿ ಕೂತ ಮುದುಕಿಯ ಹಾಗೆ ಕಾಣುತ್ತದೆ. ಈ ವಿಷಯ ಗಂಡ ಹೆಂಡತಿ ಒಂದು ದಿನವೂ ಮಾತಾಡಿದ್ದಿಲ್ಲ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಕ್ಯಾನು ಬಂತು, ಅಷ್ಟೆ. ಮೊದಲ ಲೋಟವನ್ನು ಅವಳು ಅವನ ಕೈಗೇ ಕೊಟ್ಟಿದ್ದಳು; ಅವನು ಕುಡಿದಿದ್ದ.

ಟೈ ಕಟ್ಟಿದ ಎಂಜಿನಿಯರ್ ಮೊದಲು ಬಂದ. ಅವನ ಹಿಂದೆ ಪರದೆಯ ಮೇಲೆ ಚಿತ್ರಗಳು ಬಂದವು: ನೀಲಿ ತೊಟ್ಟಿ, ಬಿಳಿ ಪೈಪು, ಗುಂಡಿ ಒತ್ತಿದರೆ ಉರಿಯುವ ದೀಪಗಳು. ಹಳೆಯ ನಾಲ್ಕು ಮರಳು ತೊಟ್ಟಿಗಳ ಬಗ್ಗೆ ಕಮಿಷನರ್ ಕೇಳಿದಾಗ ಅವನು ಕೈ ಎತ್ತಿ ಆಶೀರ್ವಾದ ಮಾಡುವವನಂತೆ, "ಅವು ಚೆನ್ನಾಗಿವೆ ಸಾರ್, ಇವತ್ತೇ ನೋಡಿದ್ವಲ್ಲ. ಇರೋದನ್ನ ಮುಟ್ಟೋದು ಬೇಡ. ಪಕ್ಕದಲ್ಲಿ ನಮ್ಮದೊಂದು ಕೂರಿಸಿಬಿಡೋಣ," ಎಂದ. ಮುಟ್ಟೋದು ಬೇಡ ಎಂಬ ಮಾತು ಮೇಲ್ವಿಚಾರಕನ ಬೆನ್ನಿನ ಮೇಲೆ ಬಿಸಿನೀರು ಹುಯ್ದ ಹಾಗೆ ಇಳಿಯಿತು. ಎಷ್ಟು ದಿನದಿಂದ ಯಾರ ಬಾಯಲ್ಲಾದರೂ ಈ ಮಾತು ಕೇಳಬೇಕು ಎಂದು ಕಾಯುತ್ತಿದ್ದೆ ಎಂದು ಆಗ ಅವನಿಗೆ ಗೊತ್ತಾಯಿತು. ಗೊತ್ತಾದ ಕೂಡಲೇ ಅಸಹ್ಯವೂ ಆಯಿತು; ಎರಡೂ ಒಟ್ಟಿಗೇ ಇದ್ದವು, ಒಂದು ಇನ್ನೊಂದನ್ನು ಓಡಿಸಲಿಲ್ಲ.

ಮುಟ್ಟಿದರೆ ಏನು ಸಿಗುತ್ತದೆ ಎಂದು ಗೊತ್ತಿದ್ದವನು ಅವನೊಬ್ಬನೇ. ಮೂರನೆಯ ಮತ್ತು ನಾಲ್ಕನೆಯ ತೊಟ್ಟಿಗಳ ಮರಳು ಮೇಲಿನಿಂದ ನೋಡಿದರೆ ಸಮತಟ್ಟು, ಒಳಗೆ ಮಣ್ಣಿನ ಉಂಡೆಗಳು. ಉಂಡೆಗಳ ನಡುವೆ ಬಿರುಕು, ಬಿರುಕಿನಲ್ಲಿ ಹೊಳೆಯ ನೀರು ಬಂದದ್ದು ಬಂದ ಹಾಗೇ ಸೀದಾ ಕೆಳಗೆ ಇಳಿಯುತ್ತದೆ. ಮರಳನ್ನು ದಿನಕ್ಕೊಮ್ಮೆ ಕೆಳಗಿನಿಂದ ಮೇಲಕ್ಕೆ ನೀರು ನುಗ್ಗಿಸಿ ತೊಳೆಯಬೇಕು. ತೊಳೆದ ನೀರು ಚರಂಡಿಗೆ ಹೋಗುತ್ತದೆ. ಎರಡು ಬೇಸಿಗೆ ಹಿಂದೆ ಹೊಳೆ ಬತ್ತಿ ಜನ ಕೊಡ ಹಿಡಿದು ನಗರಸಭೆಗೆ ನುಗ್ಗಿದಾಗ, ತೊಳೆಯುವ ನೀರನ್ನು ಉಳಿಸಿದರೆ ಎರಡು ಬಡಾವಣೆಗೆ ಸಾಕಾಗುತ್ತದೆ ಎಂದು ಹೊಳೆದದ್ದು ಅವನಿಗೇ. ಯಾರೂ ಹೇಳಿಕೊಟ್ಟಿರಲಿಲ್ಲ. ಮೂರು, ನಾಲ್ಕನೆಯ ತೊಟ್ಟಿಗಳಿಗೆ ದಿನಕ್ಕೊಮ್ಮೆಯದು ವಾರಕ್ಕೊಮ್ಮೆ ಆಯಿತು. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು ಅವನನ್ನು ವೇದಿಕೆಗೆ ಕರೆದು, ಹೆಗಲ ಮೇಲೆ ಕೈ ಹಾಕಿ, ಇಂಥ ಹತ್ತು ಜನ ಇದ್ದರೆ ಊರು ಉದ್ಧಾರ ಎಂದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನಲ್ಲಿ ಅಣ್ಣ ಕೂತಿದ್ದ, ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟಿದ. ಮಳೆ ಬಂದು ಹೊಳೆ ತುಂಬಿದ ಮೇಲೆ ಮತ್ತೆ ದಿನಾ ತೊಳೆಯಬಹುದಿತ್ತು, ತೊಳೆಯಲೂ ಹೊರಟ. ಆದರೆ ಅಷ್ಟರಲ್ಲಿ ಮಣ್ಣು ಗಟ್ಟಿಯಾಗಿತ್ತು, ತೊಳೆದರೂ ಏಳಲಿಲ್ಲ. ಇನ್ನು ಮರಳನ್ನೆಲ್ಲ ಅಗೆದು ತೆಗೆಯುವುದೊಂದೇ ದಾರಿ. ಅಗೆಯಬೇಕಾದರೆ ಯಾಕೆ ಹೀಗಾಯಿತು ಎಂದು ಹೇಳಬೇಕು. ಹೇಳಬೇಕಾದರೆ ಆ ಚಪ್ಪಾಳೆಯನ್ನು ವಾಪಸು ಕೊಡಬೇಕು. ಚಪ್ಪಾಳೆಯನ್ನು ವಾಪಸು ಕೊಡುವುದು ಹೇಗೆ ಎಂದು ಅವನಿಗೆ ತಿಳಿದಿರಲಿಲ್ಲ. ನಾಳೆ ನೋಡೋಣ ಎಂದುಕೊಂಡ. ನಾಳೆ ಎನ್ನುವುದು ದೊಡ್ಡ ಚೀಲ, ಎಷ್ಟು ತುರುಕಿದರೂ ಹಿಡಿಯುತ್ತದೆ. ಕೆಸರನ್ನು ತಳಕ್ಕೆ ಕೂರಿಸುವ ಆಲಂ ಪುಡಿಯನ್ನು ನೀರಿಗೆ ಹೆಚ್ಚು ಹಾಕಿಸಿದ, ಕ್ಲೋರಿನ್ ಹೆಚ್ಚು ಬಿಡಿಸಿದ. ಜನ ನೀರು ಔಷಧಿ ವಾಸನೆ ಎಂದು ಬೈದಾಗ ಬೈಗುಳವನ್ನು ಪ್ರಾಯಶ್ಚಿತ್ತದ ಹಾಗೆ ತೆಗೆದುಕೊಂಡ.

ಅಣ್ಣನ ಕಣ್ಣು ಹಳದಿಯಾದದ್ದನ್ನು ಮೊದಲು ನೋಡಿದ್ದೂ ಅವನೇ. ಹೋದ ಮಳೆಗಾಲದಲ್ಲಿ ಅಣ್ಣನ ಮನೆಯಿದ್ದ ಮೇಲ್ಬೀದಿಯಲ್ಲಿ ಮನೆಮನೆಗೂ ಕಾಮಾಲೆ. ಎಲ್ಲರೂ ಎದ್ದರು, ಅಣ್ಣ ಏಳಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ, "ನನ್ನ ಬಣ್ಣ ನೋಡಿದ್ಯೇನೋ, ಸುಣ್ಣ ಬಳಿಯೋನು ಅರಿಶಿನ ಕಲಸಿಬಿಟ್ಟ ಹಾಗಿದೆ," ಎಂದು ಅವನು ತಮಾಷೆ ಮಾಡಿದ್ದ. ಅದಕ್ಕೊಂದು ತಿಂಗಳ ಮುಂಚೆ ಮೇಲ್ಬೀದಿಯಲ್ಲಿ ಯಾರೋ ಕೇಬಲ್ಲಿಗಾಗಿ ಅಗೆದು ನೀರಿನ ಪೈಪು ಒಡೆದಿದ್ದರು, ಚರಂಡಿ ಸೇರಿತ್ತು. ಅದು ಸುಳ್ಳಲ್ಲ. ಪೈಪಿನಿಂದಲೇ ಬಂತು ಎಂದು ಎಲ್ಲರೂ ಹೇಳಿದರು, ಅವನೂ ಹೇಳಿದ. ಪೈಪಿನಿಂದ ಬಂದದ್ದೆಷ್ಟು, ತೊಟ್ಟಿಯಿಂದ ಬಂದದ್ದೆಷ್ಟು ಎಂದು ಭಾಗ ಮಾಡಿ ಹೇಳಬಲ್ಲವರು ಯಾರೂ ಇರಲಿಲ್ಲ. ತೀರಾ ಸುಳ್ಳಾಗಿದ್ದರೆ ಎಂದೋ ಬಾಯಿಬಿಟ್ಟು ಹಗುರಾಗುತ್ತಿದ್ದೆನೇನೋ ಎಂದು ಅವನು ಎಷ್ಟೋ ಸಲ ಯೋಚಿಸಿದ್ದ. ಅರ್ಧ ನಿಜ ಗಂಟಲಲ್ಲಿ ಸಿಕ್ಕ ಮೀನಿನ ಮುಳ್ಳು, ನುಂಗಲೂ ಆಗದು, ಉಗುಳಲೂ ಆಗದು.

"ಮುಂದಿನೋರು ಬರಲಿ," ಎಂದರು ಕಮಿಷನರ್.

ಬಂದವಳು ಒಬ್ಬಳೇ. ಮೂವತ್ತೈದರ ಹೆಂಗಸು, ಮೊಣಕೈಯವರೆಗೆ ಬಿಸಿಲಿಗೆ ಸುಟ್ಟ ಕೈಗಳು, ತೋಳು ಮಡಿಸಿದ ಅಂಗಿ, ಬೂಟಿಗೆ ಘಟಕದ ಕೆಸರು ಇನ್ನೂ ಅಂಟಿತ್ತು. ಚಿತ್ರ ಗಿತ್ರ ಏನೂ ತಂದಿರಲಿಲ್ಲ. ಹದಿನೈದು ದಿನದ ಕೆಳಗೆ ಅವಳು ಹೇಳದೆ ಕೇಳದೆ ಘಟಕಕ್ಕೆ ಬಂದಿದ್ದಳು. ಅವನು ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಒಂದು ಸೀಸೆ ನೀರು ಹಿಡಿದುಕೊಂಡು ಹೋಗಿದ್ದಳು. ಆಮೇಲೆ ನಗರಸಭೆಗೆ ತಿಳಿಸಿದ್ದಳು: ಬೇರೆ ಯಾವ ಕೆಲಸಕ್ಕೂ ಮೊದಲು ಎರಡು ತೊಟ್ಟಿಗಳನ್ನು ಬರಿದು ಮಾಡಿ ಅಗೆದು ನೋಡಬೇಕು, ಅವು ನೀರನ್ನು ಸೋಸುತ್ತಿಲ್ಲ. ಆ ದಿನದಿಂದ ಅವನಿಗೆ ಊಟ ರುಚಿಸಿರಲಿಲ್ಲ. ನಿನ್ನೆ ಸಂಜೆ ತೊಟ್ಟಿಗಳ ಕಟ್ಟೆಯ ಮೇಲೆ ನಿಂತು, ವಾಲ್ವು ತಿರುಗಿಸುವ ಪೈಲ್ವಾನನಿಗೆ (ಆ ಹೆಸರು ಅವನ ಸಣಕಲು ಮೈ ನೋಡಿ ಯಾರೋ ಇಟ್ಟದ್ದು) ಅವನು ಹೇಳಿದ್ದ: "ನಾಳೆ ದೊಡ್ಡೋರೆಲ್ಲ ಬರ್ತಾರೆ. ಮೂರು, ನಾಲ್ಕು ಮುಚ್ಚಿಬಿಡು. ಒಂದು, ಎರಡನ್ನ ಚೆನ್ನಾಗಿ ತೊಳೆದು ನಿಧಾನಕ್ಕೆ ಬಿಡು. ನೀರು ಕಣ್ಣೀರಿನ ಹಾಗಿರಬೇಕು."

"ಅರ್ಧ ನೀರಾಗುತ್ತಲ್ಲ ಸಾರ್? ಮೇಲ್ಬೀದಿಗೆ ಹತ್ತೋದಿಲ್ಲ."

"ಒಂದು ಬೆಳಿಗ್ಗೆ ತಾನೆ. ಮಧ್ಯಾಹ್ನ ಬಿಡೋಣ."

"ಆಗ್ಲಿ ಬಿಡಿ ಸಾರ್," ಎಂದು ಪೈಲ್ವಾನ ಹಲ್ಲು ಕಿರಿದಿದ್ದ. "ಹೆಣ್ಣು ನೋಡೋಕೆ ಬರೋ ದಿನ ಯಾರಾದ್ರೂ ಹುಡುಗಿ ಮುಖದ ಮೊಡವೆ ತೋರಿಸ್ತಾರಾ?"

ಅಧ್ಯಕ್ಷರು ಸೀಸೆಯನ್ನು ಮೇಜಿನ ಮೇಲೆ ಅವಳ ಕಡೆಗೆ ತಳ್ಳಿದರು. "ನೋಡಮ್ಮಾ, ಇದು ಇವತ್ತು ಬೆಳಿಗ್ಗೆ ಹಿಡಿದದ್ದು. ನೀವೂ ಅಲ್ಲೇ ಇದ್ರಿ. ನಮ್ಮ ತೊಟ್ಟಿ ಸತ್ತಿದೆ ಅಂತ ನೀವು ಹೇಳಿದ್ರಿ. ಸತ್ತ ತೊಟ್ಟಿ ಇಂಥ ನೀರು ಕೊಡುತ್ತಾ?"

ಅವಳು ಸೀಸೆಯನ್ನು ಎತ್ತಲಿಲ್ಲ. ಬಗ್ಗಿ ನೋಡಿದಳು. "ಚೆನ್ನಾಗಿದೆ," ಎಂದಳು.

"ಚೆನ್ನಾಗಿದೆ ತಾನೆ? ಹಾಗಾದ್ರೆ ಊರಿಗೆ ಎರಡು ದಿನ ನೀರು ನಿಲ್ಲಿಸಿ ಅಗೀಬೇಕು ಅಂದದ್ದು ಯಾಕೆ? ಜನ ನನ್ನ ಬಾಗಿಲಿಗೆ ಕೊಡ ಹಿಡ್ಕೊಂಡು ಬರ್ತಾರೆ, ನಿಮ್ಮ ಬಾಗಿಲಿಗಲ್ಲ."

"ಅವತ್ತು ನಾನು ಹಿಡಿದ ನೀರಲ್ಲಿ ಮಣ್ಣಿತ್ತು."

"ಯಾವ ಗುಂಡೀಲಿ ಹಿಡಿದ್ರೋ!" ಅಧ್ಯಕ್ಷರು ತಮ್ಮ ಮಾತಿಗೆ ತಾವೇ ನಕ್ಕರು. ಕಮಿಷನರ್ ನಗಲಿಲ್ಲ, ಆದರೆ ಪೆನ್ನಿನ ಮುಚ್ಚಳವನ್ನು ತೆಗೆದು ಹಾಕಿ ತೆಗೆದು ಹಾಕಿ ಮಾಡುತ್ತಿದ್ದರು.

ಅವಳ ಕುತ್ತಿಗೆ ಕೆಂಪಗಾದದ್ದನ್ನು ಅವನು ನೋಡಿದ. ಮುಖ ಹಾಗೇ ಇತ್ತು, ಕುತ್ತಿಗೆ ಮಾತ್ರ ಕೆಂಪಾಯಿತು. ಶಾಲೆಯಲ್ಲಿ ಲೆಕ್ಕ ಸರಿಯಾಗಿ ಮಾಡಿದ್ದಕ್ಕೇ ನಕಲು ಮಾಡಿದ್ದೀಯ ಎಂದು ಬೆಂಚಿನ ಮೇಲೆ ನಿಲ್ಲಿಸಿದ್ದಾಗ ತನ್ನ ಕುತ್ತಿಗೆಯೂ ಹೀಗೇ ಉರಿದಿತ್ತು; ಆ ದಿನ ಶಾಲೆಯ ಗೇಟಿನ ಹತ್ತಿರ ಕಾದಿದ್ದ ಅತ್ತಿಗೆ, ಯಾಕೆ ಏನು ಎಂದು ಕೇಳದೆ, ಸೀದಾ ಮೇಷ್ಟರ ಕೋಣೆಗೆ ನುಗ್ಗಿ, ನಮ್ಮ ಹುಡುಗ ಸುಳ್ಳು ಹೇಳೋನಲ್ಲ ಎಂದು ಜಗಳ ಆಡಿದ್ದಳು. ಆಗ ಅವಳು ಮದುವೆಯಾಗಿ ಬಂದು ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಮೇಷ್ಟರಿಗೆ ಹೆದರಿ ಬಾಗಿಲ ಹೊರಗೆ ನಿಂತದ್ದು ಅಣ್ಣ. "ಒಂದೇ ಒಂದು ಪ್ರಶ್ನೆ," ಎಂದು ಎಂಜಿನಿಯರ್ ಹೇಳುತ್ತಿದ್ದಳು. ಅವಳು ಅಧ್ಯಕ್ಷರನ್ನು ನೋಡುತ್ತಿರಲಿಲ್ಲ, ಅವನನ್ನು ನೋಡುತ್ತಿದ್ದಳು. "ಬೆಳಿಗ್ಗೆ ನಾವು ಬಂದಾಗ ಎಷ್ಟು ತೊಟ್ಟಿ ನಡೀತಿತ್ತು ಸಾರ್?"

ಇದು ಎಷ್ಟು ಸುಲಭದ ಪ್ರಶ್ನೆ! ಅವಳು ಯಾಕೆ ಎಂದು ಕೇಳಲಿಲ್ಲ, ಯಾರು ಎಂದು ಕೇಳಲಿಲ್ಲ. ಎರಡು ಎಂದರೆ ಸಾಕು. ಎರಡು ಎಂದರೆ ಮುಂದಿನದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ, ಅವನು ಮತ್ತೆ ಬಾಯಿ ತೆರೆಯಬೇಕಾಗಿಲ್ಲ. ಆ ಮಾತು ನಾಲಗೆಯ ತುದಿಯಲ್ಲಿ ಇದ್ದದ್ದು ಅವನಿಗೆ ರುಚಿಯ ಹಾಗೆ ತಿಳಿಯುತ್ತಿತ್ತು. ಕಮಿಷನರ್ ಅವನ ಕಡೆ ತಿರುಗಿದರು. ಆ ಮುಖದಲ್ಲಿ ಅನುಮಾನ ಇರಲಿಲ್ಲ. ಅನುಮಾನ ಇದ್ದಿದ್ದರೆ ಹೇಳುತ್ತಿದ್ದನೋ ಏನೋ. ಇದ್ದದ್ದು ಗೌರವ, ಹಳಬರು, ಗೊತ್ತಿರುವವರು ಎಂಬ ಗೌರವ.

"ನಾಲ್ಕೂ ನಡೀತಿತ್ತು," ಎಂದ ಅವನು.

ಅವಳು ಮೇಜಿನ ಮೇಲಿನ ಸೀಸೆಯನ್ನು ಅವನ ಕಡೆಗೆ ತಳ್ಳಿದಳು. ಆಮೇಲೆ ಚೀಲದ ಜಿಪ್ ಎಳೆದಳು. "ಸರಿ. ಹಾಗಾದ್ರೆ ನನಗೆ ಇಲ್ಲಿ ಕೆಲಸ ಇಲ್ಲ."

ಅವಳು ಹೋದ ಮೇಲೆ ತೀರ್ಮಾನಕ್ಕೆ ಹೊತ್ತು ಹಿಡಿಯಲಿಲ್ಲ. ಕಮಿಷನರ್ ಮಾತ್ರ ಒಮ್ಮೆ, "ಆಕೆ ಮಾತಲ್ಲಿ ಏನೋ ಇತ್ತು ಅನ್ನಿಸ್ತು ನನಗೆ. ನೀವು ಹೇಳಿ, ನಿಮಗಲ್ವಾ ಗೊತ್ತಿರೋದು," ಎಂದರು. ಅವನು, "ಒಳ್ಳೇ ಓದಿಕೊಂಡಿದ್ದಾರೆ ಸಾರ್, ಆದರೆ ಅವಸರ," ಎಂದ. ಅವಸರ ಎಂಬ ಮಾತು ಎಲ್ಲಿಂದ ಬಂತೋ, ಬಾಯಿಗೆ ಸರಿಯಾಗಿ ಕೂತಿತು. ಟೈ ಕಟ್ಟಿದವನನ್ನು ಆರಿಸಿದರು. ಅಧ್ಯಕ್ಷರು ಅವನ ಬೆನ್ನು ತಟ್ಟಿ, "ನಮ್ಮೂರ ಮಾನ ಉಳಿಸಿದ್ರಿ ಕಣ್ರೀ," ಎಂದು, ಉಳಿದ ಬಿಸ್ಕತ್ತಿನ ತಟ್ಟೆಯನ್ನು ಅವನ ಮುಂದೆ ಸರಿಸಿದರು. ಅವನು ಒಂದನ್ನು ತಿಂದ. ಬಾಯಿ ಒಣಗಿ ಬಿಸ್ಕತ್ತು ಮಣ್ಣಿನ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು. ಎದುರಿಗೆ ಒಂದು ಸೀಸೆ ತುಂಬ ನೀರು ಇತ್ತು, ಆದರೆ ಅದು ಮಾದರಿ, ಕುಡಿಯುವುದಲ್ಲ.

ಮೆಟ್ಟಿಲ ಕೆಳಗೆ, ಸೈಕಲ್ ನಿಲ್ಲಿಸುವ ಜಾಗದ ಪಕ್ಕದ ನಲ್ಲಿಯಲ್ಲಿ, ಅವಳು ಬೂಟಿನ ಕೆಸರು ತೊಳೆಯುತ್ತಿದ್ದಳು. ಅವನು ಬೇರೆ ಕಡೆಯಿಂದ ಹೋಗಬಹುದಿತ್ತು. ಕಾಲು ಅಲ್ಲಿಗೇ ಬಂತು. ಅವಳು ತಲೆ ಎತ್ತದೆ, ಬೇಜಾರಿಲ್ಲದ ದನಿಯಲ್ಲಿ, "ನಿಮಗೆ ಯಾರಾದ್ರೂ ಹಾಗೆ ಹೇಳು ಅಂದಿದ್ರಾ ಸಾರ್?" ಎಂದು ಕೇಳಿದಳು.

"ಏನು?"

"ನಾಲ್ಕು ಅಂತ. ಮೇಲಿನೋರು ಹೇಳಿಸಿದ್ರಾ? ಎಷ್ಟೋ ಊರಲ್ಲಿ ನೋಡಿದ್ದೀನಿ, ಅದಕ್ಕೆ ಕೇಳಿದೆ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ."

ಅವಳು ಅವನಿಗೆ ಒಂದು ದಾರಿ ತೆರೆದು ಕೊಡುತ್ತಿದ್ದಳು. ಹೌದು ಎಂದು ತಲೆ ಆಡಿಸಿದರೆ, ಪಾಪ, ಇವನೂ ನೌಕರ, ಹೊಟ್ಟೆಪಾಡು ಎಂದು ಅವಳು ಕ್ಷಮಿಸಿ ಬಸ್ಸು ಹತ್ತುತ್ತಿದ್ದಳು. ಯಾರಾದರೂ ಹೇಳಿದ್ದರೆ! ಯಾರಾದರೂ ಬೆದರಿಸಿದ್ದರೆ, ಆಸೆ ತೋರಿಸಿದ್ದರೆ, ಅವನು ಎಷ್ಟು ದೊಡ್ಡ ಮನುಷ್ಯನಾಗುತ್ತಿದ್ದ! ಯಾರೂ ಹೇಳಿರಲಿಲ್ಲ. ಅಧ್ಯಕ್ಷರಿಗೆ ತೊಟ್ಟಿಗಳು ಎಷ್ಟಿವೆ ಎಂದೇ ಸರಿಯಾಗಿ ಗೊತ್ತಿರಲಿಲ್ಲ. ಒಂದು ಸಭೆಯ ಚಪ್ಪಾಳೆಗಾಗಿ, ಹೆಗಲ ಮೇಲೆ ಬಿದ್ದ ಒಂದು ಕೈಗಾಗಿ ಮಾಡಿದ್ದು ಎಂದು ಹೇಳಲು ಬಾಯಿ ಬರಲಿಲ್ಲ. ಅವನು, "ನಾಲ್ಕೂ ನಡೀತಿತ್ತು ಮೇಡಂ," ಎಂದ. ಎರಡನೆಯ ಸಲ ಸುಲಭವಾಗಿತ್ತು. ಅವಳು ನಲ್ಲಿ ನಿಲ್ಲಿಸಿ, ಒದ್ದೆ ಬೂಟಿನಲ್ಲಿ ಚಪ್ ಚಪ್ ಎನ್ನುತ್ತ ಹೊರಟುಹೋದಳು.

ಅವನು ಸ್ಕೂಟರಿನ ಬೀಗ ತೆಗೆಯುತ್ತಿದ್ದಾಗ ಅತ್ತಿಗೆಯ ಫೋನು ಬಂತು. ಅವಳು ಫೋನಿನಲ್ಲಿ ಯಾವಾಗಲೂ ಕೂಗಿಯೇ ಮಾತಾಡುವುದು. ಅಣ್ಣ ಇದ್ದಾಗ, ಫೋನು ಯಾಕೆ, ಕಿಟಕಿ ತೆರೆದರೆ ಸಾಕಲ್ಲ ಎನ್ನುತ್ತಿದ್ದ.

"ಏನಪ್ಪಾ, ಬೆಳಿಗ್ಗೆಯಿಂದ ನಲ್ಲೀಲಿ ತೊಟ್ಟು ನೀರಿರಲಿಲ್ಲ. ನಿನ್ನ ಕೇಳೋಣ ಅಂದ್ರೆ ದೊಡ್ಡ ಮೀಟಿಂಗಲ್ಲಿದ್ದಾನೆ ಅಂದ್ಲು ನಿನ್ನ ಹೆಂಡ್ತಿ. ಈಗ ಬಂತು ನೋಡು. ಮೊದಲು ಬುಸ್ ಬುಸ್ ಅಂತ ಗಾಳಿ ಬಂತು, ಆಮೇಲೆ ಸ್ವಲ್ಪ ಕೆಂಪಗೆ, ವಾಸನೆ ಬೇರೆ. ಈಗ ಪರವಾಗಿಲ್ಲ. ಮತ್ತೆ ನಿಂತುಹೋದ್ರೆ ಅಂತ ಎಲ್ರೂ ತುಂಬಿಟ್ಕೊಂಡ್ವಿ."

"ಯಾವಾಗ ಬಂತು?"

"ಈಗಲೇ ಕಣೋ. ಯಾಕೆ?"

ಅವನು ಫೋನು ಇಟ್ಟು ಪೈಲ್ವಾನನಿಗೆ ಮಾಡಿದ. ಪೈಲ್ವಾನ ಹುರುಪಿನಲ್ಲಿದ್ದ. "ದೊಡ್ಡೋರ ಕಾರು ಗೇಟು ದಾಟಿದ್ದೇ ತಡ, ನಾಲ್ಕೂ ತೆರೆದುಬಿಟ್ಟೆ ಸಾರ್! ಪೂರ್ತಿ ನೀರು."

"ಮೇಲ್ಬೀದಿ ತುದೀಲಿ ಚರಂಡಿಗೆ ಬಿಡೋ ವಾಲ್ವು ತೆರೆದ್ಯಾ? ಮೊದಲ ನೀರು ಹೊರಗೆ ಹೋಗಬೇಕಿತ್ತಲ್ಲ."

"ನೀವು ಹೇಳಲಿಲ್ವಲ್ಲ ಸಾರ್."

ಹೇಳಿರಲಿಲ್ಲ. ನೀರಿನ ಕೆಲಸಕ್ಕೆ ಸೇರಿದ ಮೊದಲ ವಾರವೇ ಕಲಿಸುವ ಪಾಠ ಅದು. ಖಾಲಿಯಾದ ಪೈಪು ಸುಮ್ಮನೆ ಖಾಲಿ ಇರುವುದಿಲ್ಲ. ಹಸಿದ ಹೊಟ್ಟೆಯ ಹಾಗೆ, ಸಂದುಗೊಂದಿನಿಂದ ಸುತ್ತಲಿನ ಕೊಚ್ಚೆಯನ್ನು ಎಳೆದುಕೊಳ್ಳುತ್ತದೆ. ಪೈಪು ಖಾಲಿ ಮಾಡಿದವನು ಮೊದಲ ನೀರನ್ನು ಬೀದಿಯ ತುದಿಯಲ್ಲಿ ಚೆಲ್ಲಿಸಬೇಕು, ಆಮೇಲೆ ಮನೆಗಳಿಗೆ ಬಿಡಬೇಕು. ಮೇಲ್ಬೀದಿಯ ಪೈಪಿನ ಸಂದುಗಳು ಹೇಗಿವೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ನಿನ್ನೆ ಸಂಜೆ ಅದು ನೆನಪಾಗದೆ ಇರಲಿಲ್ಲ. ನೆನಪು ಬಾಗಿಲವರೆಗೆ ಬಂದು ನಿಂತಿತ್ತು. ನೀರು ಚೆಲ್ಲಿಸಿದರೆ ಬೀದಿಯವರು ನೋಡುತ್ತಾರೆ, ಯಾಕೆ ಚೆಲ್ಲುತ್ತೀರಿ ಎನ್ನುತ್ತಾರೆ, ಯಾಕೆ ನಿಲ್ಲಿಸಿದ್ದಿರಿ ಎನ್ನುತ್ತಾರೆ. ಅವನು ಅದನ್ನು ಒಳಗೆ ಕರೆಯಲಿಲ್ಲ, ಅಷ್ಟೆ. ಮರೆವು ಎನ್ನುವುದು ಕೆಲವು ಸಲ ಹೀಗೇ, ಬಾಗಿಲು ತೆಗೆಯದೆ ಇರುವುದು.

"ಈಗ ಹೋಗಿ ತೆರೀಲಾ ಸಾರ್?" ಎಂದು ಪೈಲ್ವಾನ ಕೇಳುತ್ತಿದ್ದ.

"ತೆರಿ. ಓಡು," ಎಂದ. ಇನ್ನು ತೆರೆದರೆ ಹೋಗುವುದು ಆಮೇಲಿನ ನೀರೇ. ಕೆಟ್ಟದ್ದು ಆಗಲೇ ಕೊಡಗಳಲ್ಲಿ ಕೂತಿತ್ತು.

ಮೇಲ್ಬೀದಿಯ ಏರಿನಲ್ಲಿ ಸ್ಕೂಟರ್ ಎಂದಿನಂತೆ ಉಬ್ಬಸ ಪಟ್ಟಿತು. ಎರಡೂ ಕಡೆ ಒಂದಕ್ಕೊಂದು ಹೆಗಲು ತಾಗಿಸಿ ನಿಂತ ಸಣ್ಣ ಮನೆಗಳು. ಬಾಗಿಲ ಮುಂದೆ ಒದ್ದೆ ನೆಲ, ಕೊಡ ಇಟ್ಟು ಎತ್ತಿದ ಗುಂಡನೆಯ ಗುರುತುಗಳು. ಬೀದಿಯಲ್ಲಿ ಗೆಲುವಿತ್ತು. ನೀರು ಬಾರದೆ ಹೋಗಿ ಬಂದರೆ ಜನಕ್ಕೆ ಏನೋ ಗೆದ್ದ ಹಾಗೆ ಇರುತ್ತದೆ. ಯಾರೋ ಒಬ್ಬರು, "ಸಾರ್, ನೀರು ಬಂತು ಸಾರ್!" ಎಂದು, ಅವನೇ ಹೊತ್ತು ತಂದು ಕೊಟ್ಟ ಹಾಗೆ ಕೈ ಎತ್ತಿದರು. ಅವನೂ ಕೈ ಎತ್ತಿದ.

ಅತ್ತಿಗೆಯ ಬಾಗಿಲು ತೆರೆದೇ ಇತ್ತು. ಒಳಗೆ ಅಣ್ಣನ ಕುರ್ಚಿಯ ಮೇಲೆ ಒಗೆದ ಬಟ್ಟೆ ಮಡಿಸಿ ಇಟ್ಟಿತ್ತು. ಅವಳು ಒಬ್ಬಳೇ ಇರುವ ಮನೆ. ಕಸ ಎಂಬುದು ಅಲ್ಲಿಗೆ ಬರಲು ಹೆದರುತ್ತದೆ ಎಂದು ಬೀದಿಯವರೇ ನಗೆಯಾಡುತ್ತಿದ್ದರು. ಕೊಡ ಅಡುಗೆಮನೆಯ ಕಟ್ಟೆಯ ಮೇಲಿತ್ತು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಸೋಸಿ ತುಂಬಿದ್ದು.

"ಬಾ, ಕೂತ್ಕೋ. ಮುಖ ಯಾಕೆ ಹೀಗಿದೆ? ಊಟ ಆಯ್ತಾ?"

"ಅತ್ತಿಗೆ, ಆ ನೀರು ಕುಡಿದ್ರಾ?"

"ಇನ್ನೂ ಇಲ್ಲ. ತಳಕ್ಕೆ ಕೂರಲಿ ಅಂತ ಬಿಟ್ಟಿದ್ದೆ. ಈಗ ನೋಡು, ಕನ್ನಡಿ ಆಗಿದೆ. ತಾಳು, ನಿನಗೇ ಮೊದಲ ಲೋಟ."

"ಬೇಡ. ನೀವೂ ಕುಡೀಬೇಡಿ."

"ಯಾಕೆ? ನೀನೇ ಕಳಿಸಿದ ನೀರಲ್ವೇನೋ?"

ಅವಳು ನಗುತ್ತ ಲೋಟ ಅದ್ದಲು ಕೈ ಚಾಚಿದಳು. ಹೇಳಬೇಕಾದ್ದು ಒಂದೇ ಇತ್ತು, ಅದನ್ನು ಬಿಟ್ಟು ಬೇರೆ ಏನಾದರೂ ಸಿಗುತ್ತದೆಯೇ ಎಂದು ಅವನು ಹುಡುಕಿದ, ಸಿಗಲಿಲ್ಲ. ಅವನು ಕೊಡವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತ, ಹೊರಬಾಗಿಲಿಗೆ ಬಂದು ಬೀದಿಯ ಚರಂಡಿಗೆ ಸುರಿದುಬಿಟ್ಟ. ಅತ್ತಿಗೆ ಹಿಂದೆಯೇ ಓಡಿ ಬಂದಳು. "ಏನೋ ಇದು! ಹುಚ್ಚು ಗಿಚ್ಚು ಹಿಡೀತೇನೋ? ಬೆಳಿಗ್ಗೆಯಿಂದ ಕಾದು ಹಿಡಿದ ನೀರು!" ಅವಳ ದನಿಗೆ ಎದುರು ಮನೆಯ ಬಾಗಿಲು ತೆರೆಯಿತು, ಆಮೇಲೆ ಪಕ್ಕದ್ದು, ಆಮೇಲೆ ಅದರ ಪಕ್ಕದ್ದು. ಜನ ಅವನನ್ನೂ, ಅವನ ಒದ್ದೆ ಅಂಗಿಯನ್ನೂ, ಚರಂಡಿಯಲ್ಲಿ ಹರಿದುಹೋಗುವ ನೀರನ್ನೂ ನೋಡಿದರು. "ನೀರಿನೋರೇ ನೀರು ಚೆಲ್ಲೋಕೆ ನಿಂತ್ರೆ ನಾವು ಯಾರಿಗೆ ಹೇಳೋಣಪ್ಪಾ," ಎಂದು ಒಬ್ಬ ಮುದುಕ ನಕ್ಕ. ಪಕ್ಕದ ಮನೆಯ ಹೆಂಗಸು ನಗಲಿಲ್ಲ. ಹೋದ ಮಳೆಗಾಲದಲ್ಲಿ ಅವಳೂ ತಿಂಗಳುಗಟ್ಟಲೆ ಹಳದಿಯಾಗಿ ಮಲಗಿದ್ದವಳು. ಅವಳು ಎರಡು ಹೆಜ್ಜೆ ಮುಂದೆ ಬಂದಳು.

"ಸಾರ್, ನೀರು ಸರಿ ಇಲ್ವಾ? ನಾವೂ ಈಗಲೇ ತುಂಬಿದ್ದು. ಎಲ್ರೂ ಅದನ್ನೇ ತುಂಬಿದ್ದು."

ಯಾರೂ ಕುಡೀಬೇಡಿ, ಎಲ್ಲ ಚೆಲ್ಲಿಬಿಡಿ. ಇಷ್ಟೇ ಮಾತು. ಅವನು ಅದನ್ನು ಹೇಳಲೆಂದೇ ಬಾಯಿ ತೆರೆದ. ಆಮೇಲೆ ಎಷ್ಟೋ ದಿನ ಅವನು ಇದೊಂದನ್ನು ತನ್ನ ಪರವಾಗಿ ನೆನೆಯುತ್ತಿದ್ದ. ಆದರೆ ಆ ಮಾತಿನ ಹಿಂದೆ, ಬಾವಿಗೆ ಬಿಟ್ಟ ಹಗ್ಗದ ಹಾಗೆ, ಉಳಿದದ್ದೆಲ್ಲ ಸರಸರ ಇಳಿಯುತ್ತ ಹೋಗುವುದು ಅವನಿಗೆ ಕಂಡಿತು: ಯಾಕೆ ಕುಡೀಬಾರದು, ಬೆಳಿಗ್ಗೆ ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು, ಹಾಗಾದರೆ ಹೋದ ವರ್ಷ? ಹೋದ ವರ್ಷ ಎಂದು ಕೇಳುವವಳು ಅವನ ಪಕ್ಕದಲ್ಲೇ, ಖಾಲಿ ಕೊಡವನ್ನು ಅವನ ಕೈಯಿಂದ ತೆಗೆದುಕೊಳ್ಳುತ್ತ ನಿಂತಿದ್ದಳು.

"ನೀರು ಸರಿಯಾಗೇ ಇದೆ," ಎಂದ ಅವನು. ದನಿ ಆಫೀಸಿನದು, ನಿಧಾನವಾದ, ಗೊತ್ತಿರುವವನ ದನಿ. "ಇವರ ಕೊಡ ಗಲೀಜಾಗಿತ್ತು. ಒಳಗೆಲ್ಲ ಪಾಚಿ. ತೊಳೀದೆ ತುಂಬಿಟ್ಟಿದ್ದಾರೆ, ಅದಕ್ಕೆ ಚೆಲ್ಲಿದೆ."

ಬೀದಿ ಅತ್ತಿಗೆಯ ಕಡೆಗೆ ತಿರುಗಿತು. ಕೊಡ ಅವಳ ಕೈಯಲ್ಲಿತ್ತು, ಬಿಸಿಲಿಗೆ ಹೊಳೆಯುತ್ತಿತ್ತು. ಅವಳು ಅದರೊಳಗೆ ಒಮ್ಮೆ ಇಣುಕಿ ನೋಡಿದಳು, ನಿಜವಾಗಿಯೂ ಇರಬಹುದು ಎಂಬಂತೆ. ಆಮೇಲೆ ಅವನ ಮುಖ ನೋಡಿದಳು. ಅವಳು ಬಹಳ ಹೊತ್ತು ನೋಡಲಿಲ್ಲ. ಅವನ ಮುಖವನ್ನು ಓದಲು ಅವಳಿಗೆ ಯಾವತ್ತೂ ಬಹಳ ಹೊತ್ತು ಬೇಕಾಗಿರಲಿಲ್ಲ. ಏನೆಂದು ಅವಳಿಗೆ ತಿಳಿಯಲಿಲ್ಲ, ಆದರೆ ಏನೋ ಇದೆ ಎಂದೂ, ಅದನ್ನು ಈ ಜನರ ಮುಂದೆ ಕೇಳಬಾರದೆಂದೂ ತಿಳಿಯಿತು.

"ಹೂಂ ಕಣಮ್ಮಾ," ಎಂದಳು ಅವಳು ಪಕ್ಕದ ಮನೆಯವಳಿಗೆ. "ಎರಡು ದಿನದಿಂದ ಮೈ ಸರಿ ಇರಲಿಲ್ಲ. ಕೊಡ ತೊಳೆದಿರಲಿಲ್ಲ."

"ಅಯ್ಯೋ, ಅಷ್ಟೇನಾ! ನಾನೆಲ್ಲೋ ಹೆದರಿಬಿಟ್ಟಿದ್ದೆ." ಆ ಹೆಂಗಸಿನ ಮುಖ ಸಡಿಲವಾಯಿತು. "ನೀವೂ ಹೀಗೆ ಮಾಡ್ತೀರಾ ಅಕ್ಕಾ? ನಮಗೆಲ್ಲ ಬುದ್ಧಿ ಹೇಳೋರು ನೀವು!" ಎಲ್ಲರೂ ನಕ್ಕರು. ಒಂದೊಂದೇ ಬಾಗಿಲು ಮುಚ್ಚಿಕೊಂಡಿತು.

ಅತ್ತಿಗೆ ಮೆಟ್ಟಿಲ ಪಕ್ಕದ ಕಲ್ಲಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತು, ಬೂದಿಯ ಡಬ್ಬಿ ಹತ್ತಿರ ಎಳೆದುಕೊಂಡು, ಕಲೆಯಿಲ್ಲದ ಕೊಡವನ್ನು ತಿಕ್ಕತೊಡಗಿದಳು. ಅವನು "ಅತ್ತಿಗೆ" ಎಂದ. ಅವಳು ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು. ತಿಕ್ಕುವ ಸದ್ದಿನ ನಡುವೆ, ಪಕ್ಕದ ಮನೆಯ ಗೋಡೆಯಾಚೆ, ಆ ಹೆಂಗಸು ಒಳಗೆ ಯಾರಿಗೋ ಹೇಳುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು: "ಏನೂ ಇಲ್ಲವಂತೆ, ಕುಡೀರಿ. ಸಾಹೇಬ್ರೇ ಹೇಳಿದ್ರು."